ಮೂರು ಗಂಟೆ ಕೊಟ್ಟವರು

ನಮ್ಮೂರ ಕಡೆಯ ಯಾವ ಸಭೆಯನ್ನಾದರೂ ನೋಡಿ, ವಂದನಾರ್ಪಣೆಯ ಹೊತ್ತಿಗೆ ಅರ್ಧ ಕುರ್ಚಿಗಳು ಖಾಲಿಯಾಗಿರುತ್ತವೆ. ಮೈಕಿನ ಮುಂದೆ ನಿಂತವರು ಶಾಮಿಯಾನದವರು, ಧ್ವನಿವರ್ಧಕದವರು, ಹಾರ ತುರಾಯಿ ತಂದವರು ಎಂದು ಪಟ್ಟಿ ಓದುತ್ತಿದ್ದರೆ, ಜನ ಆಗಲೇ ಉಪ್ಪಿಟ್ಟಿನ ಸಾಲಿನಲ್ಲಿರುತ್ತಾರೆ. ಮಹಾರಾಷ್ಟ್ರದಲ್ಲೂ ಕಥೆ ಬೇರೆಯಲ್ಲ. ಇಲ್ಲಿ ಅದಕ್ಕೆ ‘ಆಭಾರ ಪ್ರದರ್ಶನ’ ಎಂಬ ಇನ್ನೂ ಭಾರವಾದ ಹೆಸರು. ಹನ್ನೊಂದು ವರ್ಷದಿಂದ ನವಿ ಮುಂಬೈಯಲ್ಲಿರುವ ನಾನು ಕನ್ನಡ, ಮರಾಠಿ ಎರಡೂ ಭಾಷೆಯ ಆಭಾರಗಳನ್ನು ಸಾಕಷ್ಟು ತಪ್ಪಿಸಿಕೊಂಡಿದ್ದೇನೆ. ಆದರೆ ವರ್ಷಕ್ಕೊಂದು ಕಾರ್ಯಕ್ರಮಕ್ಕೆ ಮಾತ್ರ ತಪ್ಪದೆ ಹೋಗುತ್ತೇನೆ. ಅಲ್ಲಿ ವಂದನಾರ್ಪಣೆಯೇ ಕಾರ್ಯಕ್ರಮ, ಯಾರೂ ಎದ್ದು ಹೋಗುವುದಿಲ್ಲ.

ಅದು ಹಾರ್ಬರ್ ಲೈನಿನ ಒಂದು ನಿಲ್ದಾಣದ ಪಕ್ಕದ ರಾತ್ರಿ ಶಾಲೆಯಲ್ಲಿ ಹತ್ತನೇ ತರಗತಿಯವರಿಗೆ ನಡೆಯುವ ಬೀಳ್ಕೊಡುಗೆ. ಹಗಲು ಆ ಕಟ್ಟಡದಲ್ಲಿ ಚಿಕ್ಕ ಮಕ್ಕಳ ಶಾಲೆ. ಸಂಜೆ ಆರೂವರೆಗೆ ಅದೇ ಬೆಂಚುಗಳಲ್ಲಿ ಹದಿನೇಳರಿಂದ ನಲವತ್ತು ವರ್ಷದವರು ಬಂದು ಮೊಣಕಾಲು ಮಡಚಿಕೊಂಡು ಕೂರುತ್ತಾರೆ, ಒಂಬತ್ತೂವರೆಗೆ ಏಳುತ್ತಾರೆ. ನಾಲ್ಕು ವರ್ಷದಿಂದ ಶನಿವಾರಗಳಂದು ನಾನು ಅಲ್ಲಿ ಬೀಜಗಣಿತ ಹೇಳಿಕೊಡುತ್ತೇನೆ. ಎಂಟೆಕ್ ಮಾಡಿದವನಿಗೆ ಇದು ಸುಲಭ ಎಂದುಕೊಳ್ಳಬೇಡಿ. ದಿನವಿಡೀ ಲಿಫ್ಟ್ ರಿಪೇರಿ ಮಾಡಿ ಬಂದವನಿಗೆ ಎಂಟು ಗಂಟೆ ರಾತ್ರಿಯಲ್ಲಿ ‘ಎಕ್ಸ್ ಯಾಕೆ ಬೇಕು’ ಎಂದು ವಿವರಿಸುವುದು ನಮ್ಮ ಕಂಪನಿಯ ಯಾವ ಡಿಸೈನ್ ರಿವ್ಯೂಗಿಂತಲೂ ಕಷ್ಟ.

ಮಹಾರಾಷ್ಟ್ರದ ಎಸ್ಸೆಸ್ಸಿ ಪರೀಕ್ಷೆ ನಮ್ಮ ಎಸ್ಸೆಸ್ಸೆಲ್ಸಿಗಿಂತ ಸ್ವಲ್ಪ ಮುಂಚೆ. 2025ರಲ್ಲಿ ಫೆಬ್ರವರಿ 21ಕ್ಕೇ ಶುರುವಾಗಿತ್ತು. ಹಾಗಾಗಿ ಬೀಳ್ಕೊಡುಗೆ ಫೆಬ್ರವರಿ ಮೊದಲ ವಾರದಲ್ಲೇ. ಹಗಲು ಶಾಲೆಗಳಲ್ಲಿ ಈಗ ಅದು ಸಣ್ಣ ಮದುವೆಯಂತಿರುತ್ತದೆ. ಸೀರೆ, ಬ್ಲೇಜರ್, ಕೇಕು, ಸೆಲ್ಫಿ ಪಾಯಿಂಟು ಎಲ್ಲ ಇರುತ್ತದೆ. ರಾತ್ರಿ ಶಾಲೆಯದು ಒಂದೂಕಾಲು ಗಂಟೆಯ ಕೆಲಸ, ಕಡೆಯಲ್ಲಿ ಒಂದೊಂದು ಸಮೋಸಾ. ಮರಾಠಿಯಲ್ಲಿ ಇದಕ್ಕೆ ‘ನಿರೋಪ ಸಮಾರಂಭ’ ಎನ್ನುತ್ತಾರೆ. ನಿರೋಪ ಎಂದರೆ ವಿದಾಯವೂ ಹೌದು, ಹೇಳಿ ಕಳಿಸುವ ಸಂದೇಶವೂ ಹೌದು. ಆ ಎರಡನೇ ಅರ್ಥ ಇಲ್ಲಿ ಚೆನ್ನಾಗಿ ಹೊಂದುತ್ತದೆ. ಏಕೆಂದರೆ ಇಲ್ಲಿ ಕೃತಜ್ಞತೆ ಸಲ್ಲಬೇಕಾದವರಲ್ಲಿ ಹೆಚ್ಚಿನವರು ಸಭೆಯಲ್ಲಿರುವುದಿಲ್ಲ.

ಮೊದಲ ಒಂದಿಬ್ಬರು ಎಲ್ಲ ಶಾಲೆಗಳಲ್ಲಿ ಹೇಳುವುದನ್ನೇ ಹೇಳುತ್ತಾರೆ. ತಂದೆ ತಾಯಿ, ಗುರುಗಳು, ದೇವರು. ಆಮೇಲೆ ನಿಜವಾದ ಪಟ್ಟಿ ಬರುತ್ತದೆ. ಈ ವರ್ಷ ಮೂರು ಮನೆಗಳಲ್ಲಿ ಅಡುಗೆ ಕೆಲಸ ಮಾಡುವ ಹೆಂಗಸೊಬ್ಬಳು ಎದ್ದು ನಿಂತಳು. ಮೂವತ್ತನಾಲ್ಕು ವರ್ಷ, ಏಳನೇ ತರಗತಿಗೆ ಓದು ಬಿಟ್ಟು ಮದುವೆಯಾದವಳು. ಅವಳು ಮೊದಲು ಹೆಸರಿಸಿದ್ದು ಅತ್ತೆಯನ್ನು. ಸಂಜೆ ಏಳಕ್ಕೆ ಕುಕ್ಕರ್ ಇಡುವವರು ಅವರು. ಎರಡನೆಯದಾಗಿ ಎಂಟನೇ ತರಗತಿಯ ಮಗಳು, ಅಮ್ಮನ ಇಂಗ್ಲಿಷ್ ಸ್ಪೆಲ್ಲಿಂಗ್ ತಿದ್ದುವವಳು. ಮೂರನೆಯದಾಗಿ ತಾನು ಕೆಲಸ ಮಾಡುವ ಒಂದು ಮನೆಯ ಅಜ್ಜಿ, ರಾತ್ರಿಯ ಚಪಾತಿಯನ್ನು ಸಂಜೆ ಐದಕ್ಕೇ ಮಾಡಿಟ್ಟು ಹೋಗಲು ಒಪ್ಪಿದವರು. ‘ತಣ್ಣಗಿನ ಚಪಾತಿ ತಿಂದರು, ಮೂರು ವರ್ಷ’ ಎಂದಳು. ಅತ್ತೆ ಸಭೆಯಲ್ಲಿದ್ದರು. ಮುಖ್ಯೋಪಾಧ್ಯಾಯರು ವೇದಿಕೆಗೆ ಕರೆದರೆ ಬರಲಿಲ್ಲ, ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಕೂತಲ್ಲೇ ನಕ್ಕರು.

ಆಮೇಲೆ ಒಬ್ಬ ಸೆಕ್ಯುರಿಟಿ ಗಾರ್ಡ್, ಆಮೇಲೆ ಒಬ್ಬ ಬೈಕಿನಲ್ಲಿ ಪಾರ್ಸೆಲ್ ಹಂಚುವವನು. ಇವನು ಯಾರಿಗೂ ಕೃತಜ್ಞತೆ ಹೇಳಬೇಕಿಲ್ಲ, ಆಪ್ ಬಂದ್ ಮಾಡಿದರೆ ಸಾಕು, ಆ ಮೂರು ಗಂಟೆಯ ಸಂಪಾದನೆ ಹೋಯಿತು ಅಷ್ಟೆ ಎಂದು ಎಲ್ಲರನ್ನೂ ನಗಿಸಿದ. ನಗಿಸಿದ್ದು ನಿಜ, ಆದರೆ ಸಂಜೆ ಏಳರಿಂದ ಹತ್ತು ಅವರ ಪಾಲಿಗೆ ದಿನದ ದೊಡ್ಡ ಸಂಪಾದನೆಯ ಹೊತ್ತು.

ಕೊನೆಯಲ್ಲಿ ಬಂದವನು ಯಾದಗಿರಿ ಕಡೆಯ ಹುಡುಗ, ಇಪ್ಪತ್ತು ತುಂಬಿಲ್ಲ. ವಾಶಿಯ ಎಪಿಎಂಸಿ ತರಕಾರಿ ಮಾರುಕಟ್ಟೆಯ ಒಂದು ಗಾಳೆಯಲ್ಲಿ, ಎಂದರೆ ಸಗಟು ಮಳಿಗೆಯಲ್ಲಿ, ಚೀಲ ಇಳಿಸುವ ಕೆಲಸ. ಅಲ್ಲಿ ಲಾರಿಗಳು ಬರುವುದು ನಡುರಾತ್ರಿಯ ಮೇಲೆ. ರಾತ್ರಿ ಒಂಬತ್ತೂವರೆಗೆ ಶಾಲೆ ಬಿಟ್ಟು, ಲೋಕಲ್ ಹಿಡಿದು, ಉಂಡು ಮಲಗಿದರೆ ಎರಡಕ್ಕೆ ಏಳಬೇಕು. ಅವನು ಹಿಂದಿಯಲ್ಲಿ ಶುರು ಮಾಡಿ, ನನ್ನನ್ನು ನೋಡಿ ಕನ್ನಡಕ್ಕೆ ಹೊರಳಿದ. ‘ನನ್ನ ಪಾಲಿನ ಮೊದಲ ಲಾರಿ ಇಳಿಸೋರು ಇಬ್ರು ಅದಾರ್ರಿ. ನನಗ ಒಂದ್ ತಾಸು ಹೆಚ್ಚಿಗಿ ನಿದ್ದಿ ಕೊಟ್ಟಾರ. ಇವತ್ತ್ ಬಂದಿಲ್ಲ, ಮಲಗ್ಯಾರ.’ ಇಷ್ಟೇ ಅವನ ಭಾಷಣ. ನಾನು ಹಿಂದಿಗೆ ಅನುವಾದಿಸಿ ಹೇಳಬೇಕಾಯಿತು. ‘ಮಲಗ್ಯಾರ’ ಎನ್ನುವುದನ್ನು ಅವನು ಹೇಳಿದಷ್ಟು ಗೌರವದಿಂದ ಹಿಂದಿಯಲ್ಲಿ ಹೇಳಲು ನನಗೆ ಬರಲಿಲ್ಲ.

ಈ ಪಟ್ಟಿಗಳನ್ನು ಕೇಳುತ್ತಾ ಕೇಳುತ್ತಾ ರಾತ್ರಿ ಶಾಲೆಯ ಲೆಕ್ಕ ನನಗೆ ತಿಳಿಯಿತು. ಇಲ್ಲಿ ಫೀಸು ದೊಡ್ಡ ಸಮಸ್ಯೆಯಲ್ಲ. ಪುಸ್ತಕ ಯಾರಾದರೂ ಕೊಡುತ್ತಾರೆ. ಬೇಕಾದದ್ದು ದಿನಕ್ಕೆ ಮೂರು ಗಂಟೆ. ವರ್ಷಕ್ಕೆ ಇನ್ನೂರು ದಿನ ತರಗತಿ ಎಂದು ಹಿಡಿದರೂ 600 ಗಂಟೆ, ಎಂಟರಿಂದ ಹತ್ತನೇ ತರಗತಿಯವರೆಗೆ 1800. ದಿನಕ್ಕೆ ಎಂಟು ಗಂಟೆಯಂತೆ ಅದು 225 ದಿನದ ದುಡಿಮೆ. ಆ ದುಡಿಮೆ ಎಲ್ಲಿಗೂ ಹೋಗುವುದಿಲ್ಲ, ಗಿರಾಕಿ ಬಂದೇ ಬರುತ್ತಾನೆ, ಗೇಟು ಕಾಯಲೇಬೇಕು, ಲಾರಿ ಖಾಲಿಯಾಗಲೇಬೇಕು. ಅಂದರೆ ಒಬ್ಬ ತರಗತಿಯಲ್ಲಿ ಕೂತಿದ್ದಾನೆಂದರೆ ಅವನ ಜಾಗದಲ್ಲಿ ಇನ್ನೊಬ್ಬ ನಿಂತಿದ್ದಾನೆ ಎಂದು ಅರ್ಥ. ನಮ್ಮ ಟೀಮಿನಲ್ಲಿ ಯಾರಾದರೂ ರಜೆ ಹಾಕಿದರೆ ಬ್ಯಾಕಪ್ ಯಾರೆಂದು ಶೀಟಿನಲ್ಲಿ ಹೆಸರು ಬರೆಯುತ್ತೇವೆ, ಅಪ್ರೈಸಲ್‌ನಲ್ಲಿ ಅದಕ್ಕೊಂದು ಸಾಲೂ ಸಿಗುತ್ತದೆ. ಈ ಬ್ಯಾಕಪ್‌ನವರ ಹೆಸರು ಬರುವುದು ವರ್ಷಕ್ಕೊಮ್ಮೆ, ಸಮೋಸಾ ಹಂಚುವ ಮುಂಚಿನ ಆ ಒಂದೂಕಾಲು ಗಂಟೆಯಲ್ಲಿ ಮಾತ್ರ.

ಇದು ನಮ್ಮ ಮನೆಯ ಕಥೆಯೂ ಹೌದು. ಮುಂಬೈಯ ಹಳೆಯ ಕನ್ನಡಿಗರ ಎಷ್ಟೋ ಮನೆಗಳಲ್ಲಿ ಇದೇ ಕಥೆ ಇದ್ದೀತು.

ನನ್ನ ದೊಡ್ಡಪ್ಪ ಕುಂದಾಪುರದ ಹತ್ತಿರದ ಹಳ್ಳಿಯಿಂದ 1974ರಲ್ಲಿ ಮುಂಬೈಗೆ ಬಂದರು. ವಯಸ್ಸು ಹದಿನಾಲ್ಕು, ಓದಿದ್ದು ಏಳನೇ ತರಗತಿ. ಕೊಂಕಣ ರೈಲು ಪೂರ್ತಿ ಓಡಲು ಶುರುವಾದದ್ದು 1998ರಲ್ಲಿ, ಆಗ ಇದ್ದದ್ದು ಬಸ್ಸು. ಒಂದು ದಿನಕ್ಕೂ ಹೆಚ್ಚು ಹೊತ್ತಿನ ಪ್ರಯಾಣ, ದಾರಿಯುದ್ದ ವಾಂತಿ. ದಾದರಿನ ಒಂದು ಹೋಟೆಲಿನಲ್ಲಿ ಟೇಬಲ್ ಒರೆಸುವ ಕೆಲಸ. ಊಟ, ತಿಂಡಿ ಅಲ್ಲೇ, ಮಲಗುವುದೂ ಅಲ್ಲೇ, ಶಟರ್ ಎಳೆದ ಮೇಲೆ ಟೇಬಲ್‌ಗಳನ್ನು ಜೋಡಿಸಿಕೊಂಡು. ಮಾಟುಂಗದಲ್ಲಿ ಎ. ರಾಮ ನಾಯಕರು ಉಡುಪಿ ಶ್ರೀ ಕೃಷ್ಣ ಬೋರ್ಡಿಂಗ್ ತೆರೆದದ್ದು 1942ರಲ್ಲಿ. ಆ ಕಾಲದಿಂದ ಕರಾವಳಿಯ ಹುಡುಗರಿಗೆ ಮುಂಬೈ ಎಂದರೆ ಹೋಟೆಲಿನ ಹಿಂಬಾಗಿಲು. ಒಳಗೆ ಹೋದ ಮೇಲೆ ಕ್ಲೀನರ್, ಆಮೇಲೆ ಸಪ್ಲೈಯರ್, ಅದೃಷ್ಟವಿದ್ದರೆ ಗಲ್ಲಾಪೆಟ್ಟಿಗೆ. ಇನ್ನೊಂದು ದಾರಿ ಇತ್ತು, ರಾತ್ರಿ ಶಾಲೆ.

ಓದಬೇಕು ಎಂದು ಕೇಳಿದಾಗ ಮೊದಲ ಹೋಟೆಲಿನ ಧಣಿ ಹೇಳಿದ್ದು, ‘ಓದುವುದಿದ್ದರೆ ಊರಲ್ಲೇ ಓದಬಹುದಿತ್ತಲ್ಲ, ಇಲ್ಲಿಗೆ ಯಾಕೆ ಬಂದೆ?’ ಅವರ ಕಡೆಯಿಂದ ನೋಡಿದರೆ ತಪ್ಪಲ್ಲ ಎಂದು ದೊಡ್ಡಪ್ಪ ಇಂದಿಗೂ ವಾದಿಸುತ್ತಾರೆ. ಸಂಜೆ ಏಳರಿಂದ ಹತ್ತು ಹೋಟೆಲಿನ ರಶ್ ಅವರ್, ಶಾಲೆಯೂ ಅದೇ ಹೊತ್ತು. ನನಗೆ ಆ ವಾದ ಅಷ್ಟು ಒಪ್ಪಿಗೆಯಿಲ್ಲ. ಅಂತೂ ಮೂರು ವರ್ಷದ ಮೇಲೆ, 1977ರಲ್ಲಿ, ಬೇರೆ ಹೋಟೆಲು ಹಿಡಿದು, ಹತ್ತಿರದ ಕನ್ನಡ ರಾತ್ರಿ ಶಾಲೆಯಲ್ಲಿ ಎಂಟನೇ ತರಗತಿಗೆ ಸೇರಿದರು. ಈ ಧಣಿ ಒಂದೇ ಷರತ್ತು ಹಾಕಿದ್ದರು, ಟೇಬಲ್ ಮಾತ್ರ ಖಾಲಿ ನಿಲ್ಲಬಾರದು.

ಟೇಬಲ್ ಹಿಡಿದುಕೊಂಡವನು ಅದೇ ಹೋಟೆಲಿನ ಇನ್ನೊಬ್ಬ ಹುಡುಗ, ಬೈಂದೂರು ಕಡೆಯವನು, ದೊಡ್ಡಪ್ಪನಿಗಿಂತ ಎರಡು ವರ್ಷ ದೊಡ್ಡವನು. ಅವನಿಗೆ ಅಕ್ಷರ ಬರುತ್ತಿರಲಿಲ್ಲ. ಇಬ್ಬರಿಗೂ ಒಂದು ಒಪ್ಪಂದವಾಯಿತು. ಸಂಜೆ ಆರೂವರೆಯಿಂದ ಹತ್ತರವರೆಗೆ ಅವನು ಎರಡೂ ಸಾಲಿನ ಟೇಬಲ್ ನೋಡಿಕೊಳ್ಳುವುದು. ಬದಲಿಗೆ ಭಾನುವಾರ ಬೆಳಗ್ಗಿನ ಎರಡೂ ಸಾಲು ದೊಡ್ಡಪ್ಪನದು. ಜೊತೆಗೆ ಅವನ ಮನೆಗೆ ಇನ್‌ಲ್ಯಾಂಡ್ ಪತ್ರ ಬರೆಯುವುದು, ಮನಿಯಾರ್ಡರ್ ಫಾರ್ಮ್ ತುಂಬುವುದು, ಊರಿಂದ ಬಂದ ಪತ್ರ ಓದಿ ಹೇಳುವುದೂ ದೊಡ್ಡಪ್ಪನ ಪಾಲಿಗೆ. ಭಾನುವಾರದ ಒಂದು ಬೆಳಗ್ಗೆ ಮತ್ತು ತಿಂಗಳಿಗೆ ನಾಲ್ಕು ಪತ್ರ, ಇದಕ್ಕೆ ವಾರಕ್ಕೆ ಆರು ಸಂಜೆ. ಲೆಕ್ಕ ಸರಿಹೋಗುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಅವನು ಯಾವತ್ತೂ ಲೆಕ್ಕ ಕೇಳಲಿಲ್ಲವಂತೆ.

1980ರಲ್ಲಿ ಎಸ್ಸೆಸ್ಸಿ ಫಲಿತಾಂಶ ಬಂತು. ಅಂಕಪಟ್ಟಿ ಕೈಗೆ ಬಂದ ದಿನ ದೊಡ್ಡಪ್ಪ ಶಾಲೆಯಿಂದ ನೇರ ಹೋಟೆಲಿಗೆ ಹೋಗಿ ಮೊದಲು ಅವನ ಕೈಗೆ ಕೊಟ್ಟರು. ಅವನು ಕೈ ಒರೆಸಿಕೊಂಡು ತೆಗೆದುಕೊಂಡು, ತಲೆಕೆಳಗಾಗಿ ಹಿಡಿದು ನೋಡಿ, ‘ನಂಗ್ ಓದುಕ್ ಬತ್ತಿಲ್ಲೆ ಅಲ್ದಾ, ಪಾಸಾ ಫೇಲಾ ಅದೊಂದ್ ಹೇಳ್’ ಎಂದನಂತೆ. ಪಾಸು. ‘ಹಂಗಾರೆ ಇವತ್ತಿಂದ ನಿನ್ ಟೇಬಲ್ ನೀನೇ ನೋಡ್ಕೋ’ ಎಂದು ಬಟ್ಟೆ ಎಸೆದು ಬೀಡಿ ಸೇದಲು ಹೋದ. ದೊಡ್ಡಪ್ಪ ಆಮೇಲೆ ರಾತ್ರಿ ಕಾಲೇಜು ಮುಗಿಸಿ, ಒಂದು ಸಹಕಾರಿ ಬ್ಯಾಂಕಿನಲ್ಲಿ ಗುಮಾಸ್ತರಾಗಿ, ಅಧಿಕಾರಿಯಾಗಿ ನಿವೃತ್ತರಾದರು. ನನ್ನ ಅಪ್ಪನನ್ನು, ಅತ್ತೆಯರನ್ನು ಓದಿಸಿದ್ದು ಅದೇ ಸಂಬಳ. ನನ್ನ ಇಂಜಿನಿಯರಿಂಗಿನ ಮೊದಲ ವರ್ಷದ ಫೀಸಿಗೂ ಅದರ ಪಾಲಿತ್ತು. ಬೈಂದೂರಿನವನು ಎರಡು ವರ್ಷದ ನಂತರ ಊರಿಗೆ ಹೋಗಿ ಸಣ್ಣ ಚಹಾದಂಗಡಿ ಹಾಕಿದ. ಅವನ ಮಗಳ ಮದುವೆಯ ಕರೆಯೋಲೆಯ ಒಕ್ಕಣೆ ಬರೆದುಕೊಟ್ಟದ್ದು ದೊಡ್ಡಪ್ಪನೇ. ಪತ್ರದ ಒಪ್ಪಂದ ಅಲ್ಲಿಯವರೆಗೂ ನಡೆದಿತ್ತು.

ಮುಂಬೈಯ ಕನ್ನಡ ರಾತ್ರಿ ಶಾಲೆಗಳ ಹಿಂದೆ ಕರಾವಳಿಯ ಸಮುದಾಯ ಸಂಘಗಳ ದೊಡ್ಡ ಕೆಲಸವಿದೆ. ಮೊಗವೀರರು, ಬಿಲ್ಲವರು, ಬಂಟರು ಕಟ್ಟಿಕೊಂಡ ಸಂಘಗಳಿಗೆ ಹುಡುಗರ ಓದು ಮೊದಲ ಚಿಂತೆಗಳಲ್ಲೊಂದಾಗಿತ್ತು. ಮೊಗವೀರ ಉಚಿತ ರಾತ್ರಿ ಪ್ರೌಢಶಾಲೆ, ಗುರುನಾರಾಯಣ ರಾತ್ರಿ ಪ್ರೌಢಶಾಲೆಗಳ ಹೆಸರು ಆ ತಲೆಮಾರಿನವರ ಬಾಯಲ್ಲಿ ಇಂದಿಗೂ ಬರುತ್ತದೆ. ಇದಕ್ಕೂ ಹಿಂದೆ ಹೋದರೆ, 1855ರಲ್ಲಿ ಪುಣೆಯಲ್ಲಿ ಜ್ಯೋತಿರಾವ್ ಮತ್ತು ಸಾವಿತ್ರಿಬಾಯಿ ಫುಲೆ ದಂಪತಿ ದುಡಿಯುವವರಿಗಾಗಿ ರಾತ್ರಿ ಶಾಲೆ ನಡೆಸಿದ್ದರು. ಹಾಗೆ ನೋಡಿದರೆ ಮಹಾರಾಷ್ಟ್ರದ ಮಣ್ಣಿಗೆ ಇದು ಹೊಸದಲ್ಲ. ದೊಡ್ಡಪ್ಪನಿಗೆ ಪಾಠ ಹೇಳಿದವರು ಹಗಲು ಬೇರೆ ಕಡೆ ಮೇಷ್ಟ್ರು, ಕೆಲವರು ಕಚೇರಿಗಳಲ್ಲಿ ಗುಮಾಸ್ತರು. ಅವರೂ ಹನ್ನೆರಡು ಗಂಟೆ ದುಡಿದು ಬಂದವರೇ. ಇಂಗ್ಲಿಷ್ ಮೇಷ್ಟ್ರು ಪಾಠದ ನಡುವೆ ಒಂದೈದು ನಿಮಿಷ ಕಣ್ಣು ಮುಚ್ಚುತ್ತಿದ್ದರಂತೆ. ಹುಡುಗರು ಆ ಹೊತ್ತಿನಲ್ಲಿ ಗಲಾಟೆ ಮಾಡುತ್ತಿರಲಿಲ್ಲ. ಎಲ್ಲರೂ ಕಣ್ಣು ಮುಚ್ಚುತ್ತಿದ್ದರು. ಹಗಲು ಶಾಲೆಯ ಶಿಕ್ಷಕರು ರಾತ್ರಿ ಶಾಲೆಯಲ್ಲೂ ಕೆಲಸ ಮಾಡುವ ಈ ಪದ್ಧತಿಯನ್ನು ಮಹಾರಾಷ್ಟ್ರ ಸರ್ಕಾರ 2017ರ ಮೇ ತಿಂಗಳ ಆದೇಶದಲ್ಲಿ ನಿಲ್ಲಿಸಹೊರಟಿತು. ಒಬ್ಬರಿಗೆ ಎರಡು ನೌಕರಿ ಬೇಡ ಎನ್ನುವುದು ನ್ಯಾಯವೇ ಇರಬಹುದು. ಆದರೆ ಅನುಭವಸ್ಥ ಮೇಷ್ಟ್ರುಗಳು ಒಮ್ಮೆಲೇ ಹೋದರೆ ರಾತ್ರಿ ಶಾಲೆಯಲ್ಲಿ ಉಳಿಯುವುದೇನು ಎಂದು ಆಗ ಕೇಳಿದವರೂ ಇದ್ದರು.

ಕನ್ನಡ ಮಾಧ್ಯಮದ ರಾತ್ರಿ ಶಾಲೆಗಳು ಈಗ ಬಹುಮಟ್ಟಿಗೆ ಮುಚ್ಚಿವೆ, ಉಳಿದವು ಸೊರಗಿವೆ. ನಮ್ಮ ಸಂಘದ ಸಭೆಗಳಲ್ಲಿ ಇದನ್ನು ಹೇಳಿ ಕಣ್ಣೀರು ಹಾಕುವವರಿದ್ದಾರೆ. ನನಗೆ ಅಷ್ಟು ದುಃಖವಾಗುವುದಿಲ್ಲ. ಕುಂದಾಪುರದ ಹದಿನಾಲ್ಕರ ಹುಡುಗ ಈಗ ಟೇಬಲ್ ಒರೆಸಲು ಮುಂಬೈ ಬಸ್ಸು ಹತ್ತುವುದಿಲ್ಲ, ಊರಲ್ಲೇ ಪಿಯುಸಿ ಓದುತ್ತಾನೆ. 2006ರ ಅಕ್ಟೋಬರಿನಿಂದ ಹದಿನಾಲ್ಕು ತುಂಬದ ಮಕ್ಕಳನ್ನು ಹೋಟೆಲುಗಳಲ್ಲಿ ದುಡಿಸುವುದು ಕಾನೂನಿಗೆ ವಿರುದ್ಧ. ಶಾಲೆ ಮುಚ್ಚಲು ವಿದ್ಯಾರ್ಥಿಗಳಿಲ್ಲದಿರುವುದು ಕಾರಣವಾದರೆ, ಆ ವಿದ್ಯಾರ್ಥಿಗಳು ಎಲ್ಲಿದ್ದಾರೆ ಎಂದೂ ನೋಡಬೇಕಲ್ಲ. ದೊಡ್ಡಪ್ಪನ ಹಳ್ಳಿಯ ಹುಡುಗರು ಬೆಂಗಳೂರಿನಲ್ಲಿ ನನ್ನಂತೆಯೇ ಕೋಡ್ ಬರೆಯುತ್ತಿದ್ದಾರೆ.

ಆದರೆ ಬಸ್ಸು ಖಾಲಿ ಬರುತ್ತಿಲ್ಲ. ಈಗ ಅದು ಹೊರಡುವುದು ಯಾದಗಿರಿ, ಕಲಬುರಗಿ, ವಿಜಯಪುರದ ಕಡೆಯಿಂದ. ಮುಂಬೈ, ಪುಣೆಯ ಕಟ್ಟಡ ಕೆಲಸದಲ್ಲಿ, ನಾಕಾಗಳಲ್ಲಿ, ಮಾರುಕಟ್ಟೆಗಳಲ್ಲಿ ಕಿವಿಗೊಟ್ಟರೆ ಕನ್ನಡ ಕೇಳುತ್ತದೆ. ಆದರೆ ನಮ್ಮ ರಾಜ್ಯೋತ್ಸವಗಳಲ್ಲಿ ಕೇಳುವ ಕನ್ನಡ ಅದಲ್ಲ. ನಮ್ಮ ಹುಡುಗ ಮೊದಲ ಶನಿವಾರ ನನ್ನ ಜೊತೆ ಮಾತಾಡಿದಾಗ, ‘ಸರ, ನಿಮ್ ಕನ್ನಡ ಟೀವಿ ವಾರ್ತೆ ಇದ್ದಂಗ ಐತ್ರಿ’ ಎಂದಿದ್ದ. ಅವನ ಪುಸ್ತಕ ಹಿಂದಿಯದು, ಸುತ್ತಲಿನವರು ಮರಾಠಿಯವರು, ತಲೆಯೊಳಗೆ ಲೆಕ್ಕ ಓಡುವುದು ಕನ್ನಡದಲ್ಲಿ. ಮರಾಠಿಯ ‘ವರ್ಗಸಮೀಕರಣ’ ಕನ್ನಡದಲ್ಲೂ ವರ್ಗಸಮೀಕರಣವೇ, ಅಲ್ಲಿಯ ‘ಶ್ರೇಢಿ’ ಇಲ್ಲಿಯೂ ಶ್ರೇಢಿಯೇ ಎಂದು ತೋರಿಸಿದ ದಿನ ಅವನಿಗೆ ಆದ ಖುಷಿ ಹೇಳಲಾರೆ. ಇಲ್ಲಿಯ ಹತ್ತನೇ ತರಗತಿಯ ಗಣಿತದಲ್ಲಿ ಜಿಎಸ್‌ಟಿ, ಷೇರು ಇವುಗಳ ಮೇಲೆ ಒಂದು ಇಡೀ ಅಧ್ಯಾಯವಿದೆ. ನಾನು ಲೆಕ್ಕಕ್ಕೆ ಟೊಮೇಟೊ ತೆಗೆದುಕೊಂಡಾಗ, ‘ತಾಜಾ ಕಾಯಿಪಲ್ಲೆಕ ಜಿಎಸ್‌ಟಿ ಇಲ್ರಿ ಸರ, ಸಾಬೂನು ತಗೋರಿ’ ಎಂದು ತಿದ್ದಿದವನು ಅವನೇ.

ಈ ಅಂಕಣ ಓದುವವರಲ್ಲಿ ನನ್ನಂತೆ ಪರವೂರಲ್ಲಿ ನೌಕರಿ ಮಾಡುವವರೇ ಹೆಚ್ಚು ಎಂದು ಬಲ್ಲೆ. ಹೈದರಾಬಾದೋ ಚೆನ್ನೈಯೋ ಪುಣೆಯೋ, ನಿಮ್ಮ ಸೊಸೈಟಿಯ ಗೇಟಿನಲ್ಲಿ, ಅಡುಗೆ ಮನೆಯಲ್ಲಿ ಹತ್ತನೇ ತರಗತಿ ಅರ್ಧಕ್ಕೆ ಬಿಟ್ಟವರು ಇದ್ದೇ ಇರುತ್ತಾರೆ. ಕೇಳಿ ನೋಡಿ. ಹತ್ತಿರ ರಾತ್ರಿ ಶಾಲೆ ಇಲ್ಲದಿದ್ದರೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ, ಎನ್‌ಐಒಎಸ್, ವರ್ಷಕ್ಕೆ ಎರಡು ಸಲ ಪರೀಕ್ಷೆ ನಡೆಸುತ್ತದೆ. ಮಹಾರಾಷ್ಟ್ರದಲ್ಲಿ 17 ನಂಬರಿನ ಫಾರ್ಮ್ ತುಂಬಿ ಖಾಸಗಿಯಾಗಿಯೂ ಕೂರಬಹುದು. ಫೀಸು ಕಟ್ಟಲು ನಾವು ತಕ್ಷಣ ಮುಂದಾಗುತ್ತೇವೆ, ಯುಪಿಐ ಇದೆಯಲ್ಲ. ಕಷ್ಟವಾಗುವುದು ಚಪಾತಿಯ ವಿಷಯದಲ್ಲಿ. ಸಂಜೆ ಐದಕ್ಕೇ ಮಾಡಿಟ್ಟು ಹೋಗಲಾ ಎಂದು ಆಕೆ ಕೇಳಿದಾಗ ಏನು ಹೇಳುತ್ತೇವೆ ಎನ್ನುವುದು.

ರಾತ್ರಿ ಶಾಲೆಯವರಿಗೂ ಪರೀಕ್ಷೆ ಹಗಲಿನಲ್ಲೇ, ಬೆಳಗ್ಗೆ ಹನ್ನೊಂದಕ್ಕೆ. ಹತ್ತೂವರೆಗೆ ಒಳಗಿರಬೇಕು. ಹಾಗಾಗಿ ವರ್ಷವಿಡೀ ಸಂಜೆ ಹೊಂದಿಸಿಕೊಂಡವರು ಕೊನೆಯ ಮೂರ್ನಾಲ್ಕು ವಾರ ಹಗಲನ್ನೂ ಹೊಂದಿಸಬೇಕು. ಬೀಜಗಣಿತದ ದಿನ ನಾನು ಅರ್ಧ ದಿನ ರಜೆ ಹಾಕಿ ಪರೀಕ್ಷಾ ಕೇಂದ್ರದ ಹತ್ತಿರ ಹೋಗಿದ್ದೆ. ಅಡುಗೆಯಾಕೆ ಮಗಳ ಜಾಮಿಟ್ರಿ ಬಾಕ್ಸ್ ಹಿಡಿದು ಬಂದಳು. ಗಾರ್ಡ್ ಯೂನಿಫಾರ್ಮಿನಲ್ಲೇ ಬಂದ. ಯಾದಗಿರಿಯ ಹುಡುಗನ ಜೊತೆ ಇನ್ನೊಬ್ಬನಿದ್ದ, ಮೈಯೆಲ್ಲ ಕೊತ್ತಂಬರಿ ವಾಸನೆ. ಲಾರಿ ಇಳಿಸುವ ಆ ಇಬ್ಬರಲ್ಲಿ ಒಬ್ಬ. ಬೆಳಗಿನ ಜಾವ ಎರಡರಿಂದ ಎಂಟರವರೆಗೆ ಇಬ್ಬರೂ ಚೀಲ ಹೊತ್ತು ಬಂದಿದ್ದರು. ಬಸ್ಸಿನಲ್ಲಿ ಹುಡುಗ ನಿದ್ದೆ ಹೋಗಿ ಸ್ಟಾಪು ದಾಟಿಬಿಟ್ಟರೆ ಎಂದು ಜೊತೆಗೆ ಬಂದದ್ದಂತೆ.

ಹುಡುಗ ಒಳಗೆ ಹೋದ ಮೇಲೆ ಅವನು ಕಾಂಪೌಂಡಿನ ನೆರಳಿನಲ್ಲಿ ಹೆಗಲ ಮೇಲಿನ ಟವೆಲ್ ಹಾಸಿ ಮಲಗಿದ, ಎರಡು ನಿಮಿಷದಲ್ಲಿ ಗೊರಕೆ. ಒಂದು ಗಂಟೆ ದಾಟಿದ ಮೇಲೆ ಹುಡುಗ ಹೊರಬಂದು ಅವನ ಭುಜ ಅಲುಗಾಡಿಸಿದ.

‘ಮುಗೀತೇನ್?’ ಎಂದ ಅವನು, ಕಣ್ಣು ಉಜ್ಜಿಕೊಳ್ಳುತ್ತ.

‘ಇಲ್ಲಪಾ, ಇನ್ನೂ ಭೂಮಿತಿ ಐತಿ.’

‘ಹಂಗಾರ ಅವತ್ತೂ ಬರ್ತೀನಿ’ ಎಂದು ಟವೆಲ್ ಕೊಡವಿಕೊಂಡು ಎದ್ದ.